ಅಮ್ಮಿ ಒಳಹೊಕ್ಕ ಮಸೀದಿ

ಜೂನ್ ತಿಂಗಳ ಕೊನೆಯ ವಾರ. ಕ್ಯಾಲ್ಗರಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದ ನಾವು ಒಂದು ಆರ್‌ವಿ ಬಾಡಿಗೆಗೆ ಹಿಡಿದು ಉತ್ತರಕ್ಕೆ ಹೊರಟೆವು. ಆರ್‌ವಿ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಅದರೊಳಗೇ. ಎಪ್ಪತ್ತು ದಾಟಿದ ಅಮ್ಮಿಗೆ ಅದರಲ್ಲಿ ಬಹಳ ಹಿಡಿಸಿದ್ದು, ವುಜೂ ಮಾಡಲು ಬೇಕೆಂದಾಗ ಸಿಗುವ ನೀರು. ಸುಮಾರು 300 ಕಿಲೋಮೀಟರ್ ದೂರದ ಎಡ್ಮಂಟನ್ ತಲುಪಿದಾಗ ರಾತ್ರಿ ಒಂಬತ್ತು ಗಂಟೆ. ಬಿಸಿಲು ಇನ್ನೂ ಇತ್ತು. ಮಗ್ರಿಬ್ ಆಗಲು ಹತ್ತು ದಾಟಬೇಕು. "ಇಲ್ಲಿನ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇಲ್ಲ" ಎನ್ನುತ್ತ ಅಮ್ಮಿ ತಸ್ಬೀಹ್ ಹಿಡಿದು ಕುಳಿತರು.

ಮರುದಿನ ಫೋರ್ಟ್ ಎಡ್ಮಂಟನ್ ಪಾರ್ಕಿಗೆ ಹೋದೆವು. ಹಳೆಯ ಊರಿನ ಬೀದಿಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ ಬಯಲು ವಸ್ತುಸಂಗ್ರಹಾಲಯವದು. ಮಕ್ಕಳು ಉಗಿಬಂಡಿಯತ್ತ ಓಡಿದರು. ನಾವು ನೋಡಬೇಕೆಂದು ಬಂದದ್ದು ಕೆನಡಾದ ಮೊದಲ ಮಸೀದಿ, ಅಲ್ ರಶೀದ್.

1930ರ ದಶಕದ ಆರ್ಥಿಕ ಮುಗ್ಗಟ್ಟಿನ ದಿನಗಳು. ಲೆಬನಾನ್ ಮೂಲದ ಹಿಲ್ವಿ ಹಮ್ದಾನ್ ಎಂಬ ಮಹಿಳೆ ತನ್ನ ಗೆಳತಿಯರೊಂದಿಗೆ ಮೇಯರ್ ಜಾನ್ ಫ್ರೈ ಬಳಿ ಹೋಗಿ ಮಸೀದಿಗೆ ಜಾಗ ಕೇಳಿದಳು. ಬಳಿಕ ಅಂಗಡಿ ಅಂಗಡಿ ಹತ್ತಿ ಚಂದಾ ಎತ್ತಿದಳು. ಮುಸ್ಲಿಮರಷ್ಟೇ ಅಲ್ಲ, ಕ್ರೈಸ್ತರು, ಯಹೂದಿಗಳೂ ಕೊಟ್ಟರು. ಕಟ್ಟಿದ ಗುತ್ತಿಗೆದಾರ ಉಕ್ರೇನ್ ಮೂಲದವನು. ಅದಕ್ಕೇ ಏನೋ, ಕಟ್ಟಡಕ್ಕೆ ಆ ನಾಡಿನ ಚರ್ಚುಗಳ ಹೋಲಿಕೆ. 1938ರ ಡಿಸೆಂಬರಿನಲ್ಲಿ ಅದರ ಉದ್ಘಾಟನೆಗೆ ಬಂದವರು, ಕುರ್‌ಆನನ್ನು ಇಂಗ್ಲಿಷಿಗೆ ತಂದ ನಮ್ಮ ದೇಶದ ಅಬ್ದುಲ್ಲಾ ಯೂಸುಫ್ ಅಲಿ. 1980ರ ದಶಕದಲ್ಲಿ ಹೊಸ ಮಸೀದಿ ಬಂದು ಹಳೆಯದನ್ನು ಕೆಡಹುವ ಮಾತಾದಾಗ ಅದನ್ನು ಉಳಿಸಲು ಹೋರಾಡಿದವರೂ ಮುಸ್ಲಿಂ ಮಹಿಳೆಯರೇ. 1992ರ ಹೊತ್ತಿಗೆ ಅದು ಈ ಪಾರ್ಕಿಗೆ ಬಂದು ನಿಂತಿತು.

ಇದನ್ನೆಲ್ಲ ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ: "ಹೆಂಗಸರು ಒಳಗೆ ಹೋಗಬಹುದಾ?"

ನಮಗೆ ತಟ್ಟನೆ ಮಾತು ಹೊರಡಲಿಲ್ಲ. ನಾವು ಹುಡುಗರಾಗಿದ್ದಾಗ ಊರಿನ ಮಸೀದಿ ಕಟ್ಟುತ್ತಿದ್ದರು. ಅನ್ನಕ್ಕೆ ಇಡುವಾಗಲೆಲ್ಲ ಅಮ್ಮಿ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಶುಕ್ರವಾರ ಅದನ್ನು ಹೊತ್ತು ಮಸೀದಿಗೆ ಮುಟ್ಟಿಸುತ್ತಿದ್ದವರು ನಾವೇ. ಮಸೀದಿ ಎದ್ದಿತು. ಅಮ್ಮಿ ರಸ್ತೆಯಿಂದಲೇ ಅದರ ಮಿನಾರ್ ನೋಡಿದರು, ಇಂದಿಗೂ ಅಷ್ಟೇ. ಎಷ್ಟೋ ಊರುಗಳ ಮಸೀದಿಗಳಲ್ಲಿ ಸ್ತ್ರೀಯರಿಗೆ ಜಾಗವಿದೆ, ನಮ್ಮೂರಲ್ಲಿಲ್ಲ. ಅವರನ್ನು ಮಸೀದಿಯಿಂದ ತಡೆಯಬಾರದೆಂಬ ಹದೀಸನ್ನು ಮದ್ರಸಾದಲ್ಲಿ ಓದಿದವರು ನಾವು. ಕಥೆಗಳಲ್ಲಿ ಹೆಣ್ಣಿನ ನೋವು ಬರೆದೆವು. ಜಮಾಅತ್ ಸಭೆಗಳಲ್ಲಿ ಬಾಯಿ ಬಿಡಲಿಲ್ಲ.

"ಹೋಗಬಹುದು ಅಮ್ಮಿ" ಎಂದೆವು. ಅವರು ಚಪ್ಪಲಿ ಕಳಚಿ, ಬಲಗಾಲಿಟ್ಟು ಒಳಹೊಕ್ಕು, ಎರಡು ರಕಅತ್ ನಮಾಜ್ ಮಾಡಿದರು. ಸಜ್ದಾದಿಂದ ಏಳಲು ತುಸು ಹೊತ್ತು ಹಿಡಿಯಿತು. ಮಂಡಿನೋವು ಎಂದುಕೊಂಡೆವು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

ಹಿಂತಿರುಗುವ ದಾರಿಯಲ್ಲಿ ಅಮ್ಮಿ ಕೇಳಿದರು: "ಆ ಹೆಣ್ಣುಮಗಳ ಹೆಸರು ಏನೆಂದಿರಿ?" ಹಿಲ್ವಿ ಎಂದೆವು. ಎಡ್ಮಂಟನ್ನಿನ ಒಂದು ಶಾಲೆಗೆ ಆಕೆಯ ಹೆಸರಿಟ್ಟಿದ್ದಾರೆಂದೂ ಹೇಳಿದೆವು. ಅಮ್ಮಿ ದುಆಕ್ಕೆ ಕೈ ಎತ್ತಿದರು.

ಊರಿಗೆ ಬಂದ ಮೇಲೆ ಜಮಾಅತಿಗೆ ಒಂದು ಅರ್ಜಿ ಬರೆದಿದ್ದೇವೆ: ಮಸೀದಿಯ ಪಕ್ಕದ ಖಾಲಿ ಕೋಣೆಯನ್ನು ಸ್ತ್ರೀಯರ ನಮಾಜಿಗೆ ಬಿಟ್ಟುಕೊಡಬೇಕೆಂದು. ಸದ್ಯಕ್ಕೆ ಅದರಲ್ಲಿರುವುದು ಎರಡೇ ಸಹಿ. ಮೊದಲನೆಯದು ಅಮ್ಮಿಯದು.