ಟೈಟಲ್ ಮುಗಿಯೋ ತನಕ...

ಮೊನ್ನೆ ಎರಡು ದಿನ ರಜೆ ಹಾಕಿ ಮದೆನಾಡಿನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಅಮ್ಮನ ಜೊತೆ ಲ್ಯಾಪ್‌ಟಾಪಿನಲ್ಲಿ ಒಂದು ಕ್ರೈಮ್ ಸೀರೀಸ್ ನೋಡೋಕೆ ಕೂತೆ. ಟೈಟಲ್ ಶುರುವಾಗಿದ್ದೇ ತಡ, ಕೈ ತಾನಾಗಿ 'ಸ್ಕಿಪ್ ಇಂಟ್ರೋ' ಒತ್ತಿತು.

"ಯಾಕೋ ಅದನ್ನ ಓಡಿಸ್ತೀಯ? ಹೆದರಿಕೆ ಆಗೋದೇ ಅಲ್ಲಿ" ಅಂದ್ಲು ಅಮ್ಮ.

ಆ ಬಟನ್ನನ್ನು ಜನ ದಿನಕ್ಕೆ 13.6 ಕೋಟಿ ಸಲ ಒತ್ತುತ್ತಾರೆ ಅಂತ 2022ರಲ್ಲಿ ನೆಟ್‌ಫ್ಲಿಕ್ಸ್‌ನವರೇ ಹೇಳಿದ್ದರು. ಅದರಲ್ಲಿ ನನ್ನ ಪಾಲೂ ಸಾಕಷ್ಟಿದೆ :-)

ಅಮ್ಮನ ತಲೆಯಲ್ಲಿದ್ದದ್ದು 'ಗುಡ್ಡದ ಭೂತ'. 90ರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ; ಸದಾನಂದ ಸುವರ್ಣರ ನಿರ್ದೇಶನ, ಪ್ರಕಾಶ್ ರೈ ಇದ್ದರು. ಸಂಪಾಜೆಯ ಅಜ್ಜನ ಮನೆಯಲ್ಲಿ ಆಗ ಟಿವಿ ಇರಲಿಲ್ಲ, ಪಕ್ಕದ ತೋಟದವರ ಮನೆಗೆ ಹೋಗಿ ನೋಡಬೇಕಿತ್ತು. 'ಡೆನ್ನಾನ ಡೆನ್ನಾನ' ಅಂತ ಆ ತುಳು ಹಾಡು ಶುರುವಾದರೆ ಮಕ್ಕಳೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದರಂತೆ, ಬೆನ್ನ ಹಿಂದೆ ಖಾಲಿ ಇರಬಾರದು ಅಂತ! ಮುಗಿದ ಮೇಲೆ ಸೂಟೆ ಹಿಡಿದು ಅಡಿಕೆ ತೋಟದೊಳಗೆ ವಾಪಸ್ ನಡೆಯಬೇಕು. "ಕಥೆ ಅರ್ಧ ಮರೆತು ಹೋಗ್ತಿತ್ತು, ಹಾಡು ಮಾತ್ರ ಹಿಂದೆ ಹಿಂದೆ ಬರ್ತಿತ್ತು."

'ಡೆನ್ನಾನ' ಅನ್ನೋದಕ್ಕೆ ಅರ್ಥ ಇಲ್ಲ, ಬರೀ ಉಲಿ. ಅರ್ಥ ಇದ್ದಿದ್ದರೆ ತಿಳಿದುಕೊಂಡು ಸುಮ್ಮನಾಗಬಹುದಿತ್ತೇನೋ. ಏನೋ ಬರುತ್ತೆ ಅಂತ ಹೇಳಿ, ಏನು ಅನ್ನೋದನ್ನು ಮಾತ್ರ ಹೇಳಲ್ಲ. 2015ರಲ್ಲಿ 'ರಂಗಿತರಂಗ'ದವರು ಅದನ್ನೇ ಮತ್ತೆ ಬಳಸಿಕೊಂಡಾಗ, ಧಾರಾವಾಹಿ ನೋಡೇ ಇರದ ನನ್ನಂಥವನಿಗೂ ಥಿಯೇಟರಿನಲ್ಲಿ ಮೈ ಜುಮ್ ಅಂದಿತ್ತು.

ಹಿಚ್‌ಕಾಕನ 'ಸೈಕೋ' (1960) ಟೈಟಲ್ ನೋಡಿ. ಸಾಲ್ ಬಾಸ್ ಮಾಡಿದ್ದು. ರಕ್ತ ಇಲ್ಲ, ಚಾಕು ಇಲ್ಲ. ಬೂದು ಪಟ್ಟಿಗಳು ಅತ್ತಿತ್ತ ನುಗ್ಗುತ್ತವೆ, ಹೆಸರುಗಳು ತುಂಡಾಗಿ ಮತ್ತೆ ಕೂಡುತ್ತವೆ, ಅಷ್ಟೇ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಕೂರಲು ಬಿಡದ ಹಾಗೆ ಬಾರಿಸಿದ್ದಾನೆ. ನಾಯಕಿ ದುಡ್ಡು ಕದ್ದು ಮಳೆಯಲ್ಲಿ ಕಾರು ಓಡಿಸುವಾಗ ಅದೇ ಸಂಗೀತ ಮತ್ತೆ ಬರುತ್ತೆ. ಕಣ್ಣೆದುರು ಮಳೆ, ವೈಪರ್, ರಸ್ತೆ ಬಿಟ್ಟರೆ ಏನೂ ಇಲ್ಲ. ಆದರೂ ನಾವು ಸೀಟಿನ ಕೈ ಹಿಡಿದು ಕೂತಿರುತ್ತೇವೆ.

ಅಮ್ಮನಿಗೆ ಇದನ್ನೆಲ್ಲ ಉತ್ಸಾಹದಲ್ಲಿ ವಿವರಿಸುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಶುರುವಾಗಿತ್ತು.

2018ರ ಆಗಸ್ಟಿನಲ್ಲಿ ಇಲ್ಲೇ ಕೆಳಗೆ ಜೋಡುಪಾಲದಲ್ಲಿ ಗುಡ್ಡ ಜಾರಿ ಬಂದಾಗ ನಾನು ಹಾಸ್ಟೆಲಿನಲ್ಲಿದ್ದೆ. ಫೋನ್ ಹತ್ತದೆ ಎರಡು ದಿನ ಒದ್ದಾಡಿದ್ದೆ. ಅಮ್ಮ ಇಲ್ಲೇ ಇದ್ದಳು. ಅವತ್ತೂ ಮೊದಲು ಕೇಳಿದ್ದು ಇದೇ ಸದ್ದಂತೆ, ಎಲ್ಲಾ ವರ್ಷದ ಮಳೆಯ ಹಾಗೇ.

"ಈಗೆಲ್ಲ ಗುಡ್ಡಕ್ಕೇ ಹೆದರಿಕೆ ಮಾರಾಯಾ, ಭೂತ ಯಾರಿಗೆ ಬೇಕು" ಅಂತ ನಕ್ಕಳು. ಟಾರ್ಚ್ ತಗೊಂಡು ಜಗುಲಿಗೆ ಹೋಗಿ ಹಿತ್ತಲ ಬರೆಯ ಕಡೆ ಬೆಳಕು ಬಿಟ್ಟು ಸ್ವಲ್ಪ ಹೊತ್ತು ನಿಂತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಎರಡನೇ ಎಪಿಸೋಡ್ ಹಾಕಲಿಲ್ಲ.