ಹೆಗಲ ಮೇಲಿನ ಕುಂಬಳಕಾಯಿ

ಕರಾವಳಿಯ ನಮ್ಮ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಬೆಳೆಹಬ್ಬದ ಆರಾಧನೆ ಮುಗಿದ ಮೇಲೆ ಏಲಂ ನಡೆಯುತ್ತದೆ. ತೆಂಗಿನಕಾಯಿ, ಬಾಳೆಗೊನೆ, ಊರಕೋಳಿ, ಉಪ್ಪಿನಕಾಯಿ, ಯಾರು ಏನು ತಂದಿದ್ದರೂ ಕೂಗುತ್ತಾರೆ. ಬಂದ ದುಡ್ಡು ಸಭೆಗೆ. ಕೆಲವು ವರ್ಷಗಳ ಹಿಂದೆ ಆ ಏಲಂನಲ್ಲಿ ನಾನೊಂದು ಸಿಹಿಗುಂಬಳ ಹಿಡಿದೆ, 2,500 ರೂಪಾಯಿಗೆ. ನನಗೆ ಶುಗರ್. ನನ್ನ ಹೆಂಡತಿಗೆ ಕುಂಬಳಕಾಯಿಯ ವಾಸನೆಯೇ ಆಗದು.

ಹಿಡಿದದ್ದು ಯಾಕೆಂದರೆ, ಪಕ್ಕದ ಮನೆಯವರು ಅದಕ್ಕೆ ಕೂಗಿದರು. ಆ ವರ್ಷ ಅವರು ಮೇಲಂತಸ್ತು ಕಟ್ಟಿಸಿದ್ದರು, ಹೊಸ ಕಾರು ತಂದಿದ್ದರು, ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಅವರು 200 ಅಂದರು, ನಾನು 300. ಅವರು ನಗುತ್ತಾ 500 ಅಂದರು. ಆ ನಗು ನನಗೆ ಚುಚ್ಚಿತು. ಲೆಕ್ಕ 2,000 ದಾಟಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. "ಮಾಸ್ಟ್ರ ಮನಸ್ಸು ಎಷ್ಟು ಧಾರಾಳ!" ಎಂದು ಯಾರೋ ಅಂದರು. ನಾನು ತಲೆ ತಗ್ಗಿಸಿ ವಿನಯದ ಮುಖ ಮಾಡಿದೆ.

ಹಿಡಿದ ವಸ್ತುವನ್ನು ಮತ್ತೆ ಏಲಂಗೇ ಬಿಟ್ಟುಕೊಡುವ ರೂಢಿ ನಮ್ಮಲ್ಲುಂಟು. ಸಭೆಗೆ ಇನ್ನಷ್ಟು ಆಗಲಿ ಅಂತ. ಸಭಾಪಾಲಕರು ನನ್ನ ಮುಖ ನೋಡಿದರು. ನಾನು ಬಿಡಲಿಲ್ಲ. ಬಿಟ್ಟರೆ ಅದು ಪಕ್ಕದ ಮನೆಯವರ ಪಾಲಾಗುತ್ತಿತ್ತಲ್ಲ! ಹೆಗಲಿಗೇರಿಸಿಕೊಂಡು ಸ್ಕೂಟರಿನತ್ತ ನಡೆದೆ.

ಬಾಗಿಲಲ್ಲೇ ಹೆಂಡತಿ ಕೇಳಿದಳು: "ಇದನ್ನು ತಿನ್ನುವುದು ಯಾರು ಮಾರಾಯ್ರೆ?"

ಮುಂದಿನ ಭಾನುವಾರ ಸಂಡೇ ಸ್ಕೂಲಿನಲ್ಲಿ ನನ್ನ ಪಾಠ, ದಶಾಜ್ಞೆ. ವರ್ಷಗಟ್ಟಲೆ ಕಲಿಸಿ ನಾಲಿಗೆ ಸವೆಸಿದ ಪಾಠ. ಮಕ್ಕಳು ಒಂದೊಂದಾಗಿ ಒಪ್ಪಿಸಿ ಹತ್ತನೆಯದಕ್ಕೆ ಬಂದರು: ನೆರೆಯವನದಕ್ಕೆ ಆಸೆಪಡಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಅನ್ನಲಿಲ್ಲ, ಆದರೂ ಕೈ ಹೆಗಲಿಗೆ ಹೋಯಿತು.

ಕೊಲೆಗೆ, ಕಳವಿಗೆ ಕೈ ಬೇಕು. ಸುಳ್ಳು ಸಾಕ್ಷಿಗೆ ಬಾಯಿ ಬೇಕು. ಹತ್ತನೆಯದು ನಡೆಯುವುದು ಒಳಗೇ. ಅದನ್ನು ಹಿಡಿಯುವ ಪೊಲೀಸರಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಪೌಲನು, ಧರ್ಮಶಾಸ್ತ್ರವಿಲ್ಲದಿದ್ದರೆ ಪಾಪವೆಂದರೇನೆಂದು ತನಗೆ ತಿಳಿಯುತ್ತಿರಲಿಲ್ಲ ಎನ್ನುವಾಗ ಉದಾಹರಣೆಗೆ ಆರಿಸಿಕೊಳ್ಳುವುದು ಈ ಆಜ್ಞೆಯನ್ನೇ. ಸಂತ ಅಗಸ್ಟೀನ್ ಹದಿನಾರರ ಹರೆಯದಲ್ಲಿ ಗೆಳೆಯರ ಜೊತೆ ಪಿಯರ್ ಹಣ್ಣು ಕದ್ದು ಹಂದಿಗಳಿಗೆ ಎಸೆದಿದ್ದ. ಅದಕ್ಕಿಂತ ಒಳ್ಳೆಯ ಹಣ್ಣು ಅವನಲ್ಲೇ ಇತ್ತು. ನಲವತ್ತು ದಾಟಿದ ಮೇಲೂ ಅದನ್ನು ನೆನೆದು ಪುಟಗಟ್ಟಲೆ ಬರೆದ. ಅಷ್ಟು ಸಣ್ಣದಕ್ಕೆ ಇಷ್ಟು ಗೋಳೇ ಎಂದು ಹಿಂದೆ ಓದಿದಾಗ ನಕ್ಕಿದ್ದೆ.

ಆಸೆ ಎಂದರೆ ವಸ್ತು ಬೇಕೆನ್ನಿಸುವುದು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ನನಗೆ ಕುಂಬಳಕಾಯಿ ಬೇಕಿರಲಿಲ್ಲ. ಪಕ್ಕದ ಮನೆಯವರಿಗೆ ಸಿಗಬಾರದಿತ್ತು, ಅಷ್ಟೆ.

ಏಲಂನ ರಸೀದಿ ಈಗಲೂ ನನ್ನ ಬೈಬಲಿನಲ್ಲಿದೆ, ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದ ಹಾಳೆಗಳ ನಡುವೆ. ಮೊತ್ತದ ಎದುರು 'ಕಾಣಿಕೆ' ಎಂದು ಬರೆದಿದೆ.