ಹಸುವಿನ ಹೊಟ್ಟೆಯೊಳಗಿನ ಜನಗಣತಿ

ಅಗ್ರಹಾರದಲ್ಲಿ ಹಸುಗಳಿಗೇನೂ ಬರವಿಲ್ಲ. ನೂರೊಂದು ಗಣಪತಿ ದೇವಸ್ಥಾನದ ಆಸುಪಾಸಿನ ಬೀದಿಗಳಲ್ಲಿ ತರಕಾರಿ ಸಿಪ್ಪೆ, ಬಾಳೆಎಲೆ ತಿಂದು, ಟ್ರಾಫಿಕ್ ಲೆಕ್ಕಿಸದೆ ಮೆಲುಕು ಹಾಕ್ತಿರುತ್ತವೆ. ಆ ಮೆಲುಕೇ ನಮ್ಮ ನಾಲ್ವರ ಫೈನಲ್ ಇಯರ್ ಪ್ರಾಜೆಕ್ಟ್ ಆಯ್ತು.

ಹುಲ್ಲಿನ ನಾರನ್ನು ಕರಗಿಸೋದು ಹಸುವಲ್ಲ, ರೂಮೆನ್ ಎಂಬ ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ಬ್ಯಾಕ್ಟೀರಿಯಾ ಸಾವಿರ ಕೋಟಿ ಲೆಕ್ಕದಲ್ಲಿದ್ದರೆ, ಪ್ರೋಟೊಜೋವಾ ಲಕ್ಷಗಳ ಲೆಕ್ಕದಲ್ಲಿರುತ್ತವೆ. ಫೋಟೋದಲ್ಲಿ ಬ್ಯಾಕ್ಟೀರಿಯಾ ಬರೀ ಚುಕ್ಕಿ. ಗುರುತಿಸೋಕೆ ಡಿಎನ್‌ಎ ಬೇಕು. ಪ್ರೋಟೊಜೋವಾ ಹಾಗಲ್ಲ. ಐಸೊಟ್ರಿಕಾಗೆ ಮೈಯೆಲ್ಲಾ ರೋಮ, ಎಂಟೊಡಿನಿಯಂಗೆ ಬಾಯಿಯ ಸುತ್ತ ಮಾತ್ರ. ಫ್ರಾನ್ಸಿನಲ್ಲಿ ಗ್ರುಬಿ ಮತ್ತು ಡೆಲಾಫೋಂಡ್ 1843ರಲ್ಲೇ ಇವನ್ನು ಕಂಡು ಬರೆದಿದ್ದರು. ಪರಿಚಯದ ಪಶುವೈದ್ಯರು ಕೊಳವೆ ಹಾಕಿ ತೆಗೆದುಕೊಟ್ಟ ರಸಕ್ಕೆ ಫಾರ್ಮಾಲಿನ್, ಬಣ್ಣ ಸೇರಿಸಿ, ಮೈಕ್ರೋಸ್ಕೋಪಿಗೆ ಫೋನ್ ಹಿಡಿದು ನಾವು ಫೋಟೋ ತೆಗೀತೀವಿ.

ನಮ್ಮ ಬೀದಿಯಲ್ಲಿ ಎರಡು ಹಸು ಕಟ್ಟಿರೋ ಅಜ್ಜಿ ಒಂದು ದಿನ ಕೇಳಿದರು: "ಅದೆಲ್ಲಾ ಸರಿ ಕಣ್ರಪ್ಪಾ, ಇದ್ರಿಂದ ನನ್ ಹಸೂಗೇನು ಬಂತು?"

ನ್ಯಾಯವಾದ ಪ್ರಶ್ನೆ. ಪ್ರೋಟೊಜೋವಾ ಬಿಡುವ ಹೈಡ್ರೋಜನ್ ಹಿಡಿದು ಬೇರೆ ಜೀವಿಗಳು ಮೀಥೇನ್ ಮಾಡ್ತವೆ. ಮೇವಿನ ಶಕ್ತಿಯಲ್ಲಿ ಶೇಕಡಾ 2ರಿಂದ 12ರಷ್ಟು ಹೀಗೆ ತೇಗಿನಲ್ಲೇ ಹೋಗುತ್ತದೆ. ಅಂದರೆ ಅಜ್ಜಿ ದುಡ್ಡು ಕೊಟ್ಟು ತಂದ ಬೂಸಾ, ಹಿಂಡಿಯ ಒಂದು ಪಾಲು ಗಾಳಿಗೆ! ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮೀಥೇನ್ ತಗ್ಗಿಸೋಕೆ 'ಹರಿತ್ ಧಾರಾ' ಎಂಬ ಪೂರಕ ಆಹಾರ ರೂಪಿಸಿದೆ. ಇಂಥ ಮೇವು ಕೊಡುವ ಮುಂಚೆ, ಕೊಟ್ಟ ಮೇಲೆ ಯಾವ ಜೀವಿ ಎಷ್ಟಿದೆ ಅಂತ ಬೇಗ ಎಣಿಸೋಕೆ ಆದರೆ ಉಪಯೋಗ ಉಂಟು.

ಹಾಗಾಗಿ ಒಟ್ಟು ಅಕ್ಯುರೆಸಿ ಹೇಳಿ ಸುಮ್ಮನಾಗೋ ಹಾಗಿಲ್ಲ. ಸಾಮಾನ್ಯವಾಗಿ ಬಹುಪಾಲು ಎಂಟೊಡಿನಿಯಮ್ಮೇ ಇರುತ್ತದೆ. ನೂರಕ್ಕೆ ತೊಂಬತ್ತು ಅದೇ ಅಂದುಕೊಳ್ಳಿ. ಏನು ತೋರಿಸಿದರೂ 'ಎಂಟೊಡಿನಿಯಂ' ಅನ್ನೋ ದಡ್ಡ ಮಾಡೆಲ್‌ಗೂ 90 ಪರ್ಸೆಂಟ್ ಸಿಗುತ್ತೆ! ಐಸೊಟ್ರಿಕಾ ಒಂದೂ ಸಿಕ್ಕಿರಲ್ಲ. ಅದಕ್ಕೇ ಪ್ರತಿ ಜಾತಿಯ ಲೆಕ್ಕ ಬೇರೆ ಬೇರೆ ಕೊಡ್ತೀವಿ. ಒಂದೇ ಹಸುವಿನ ಫೋಟೋಗಳನ್ನು ಟ್ರೈನಿಂಗ್, ಟೆಸ್ಟಿಂಗ್ ಎರಡಕ್ಕೂ ಹಂಚಲ್ಲ. ಮಾಡೆಲ್ ನೋಡದ ಹಸುವೇ ಅದರ ಪರೀಕ್ಷೆ.

ಇನ್ನೂ ಒಂದು ತಮಾಷೆ ಇದೆ. ಎಂಟೊಡಿನಿಯಂ ಕಾಡೇಟಂಗೆ ಬಾಲದಂಥ ಮುಳ್ಳಿರುತ್ತೆ. ಅದನ್ನು ತಿನ್ನುವ ಎಂಟೊಡಿನಿಯಂ ಬರ್ಸಾ ಜೊತೆಗಿಲ್ಲದಿದ್ದರೆ ತಲೆಮಾರು ಕಳೆದಂತೆ ಆ ಮುಳ್ಳೇ ಮಾಯ! ಬರೀ ಆಕಾರ ಕಲಿತ ಮಾಡೆಲ್ ಇಲ್ಲಿ ಏನು ಮಾಡೀತು? ಲೇಬಲ್ ಹಾಕೋಕೆ ಜೀವಶಾಸ್ತ್ರ ಗೊತ್ತಿರೋರ ಕಣ್ಣೇ ಬೇಕು.

ಗೆಳೆಯರೇ, ಲೇಬಲ್ ಹಾಕಬೇಕಾದ ಫೋಟೋಗಳು ಇನ್ನೂ ರಾಶಿ ಬಿದ್ದಿವೆ. ಬಯೋಟೆಕ್ ಬ್ರಾಂಚಿನೋರು ಯಾರಾದ್ರೂ ಬರ್ತೀರಾ? ಕಾಫಿ ನಮ್ಮದು.